ಅಪ್ಪನ ಬಂದೂಕು, ಮಗನ ಸಜೆ

ನಾವು ಬರೆಯಲು ಹೊರಟಿದ್ದು ಕಾಡುಹಂದಿ ಬಗ್ಗೆ. ಸಿರುಗುಪ್ಪದ ಹೊಳೆಸಾಲಿನ ಭತ್ತ, ಕುರುಗೋಡಿನ ಗುಡ್ಡದ ಬುಡದ ಮೆಕ್ಕೆಜೋಳ, ಶೇಂಗಾ, ಎಲ್ಲ ಕಡೆ ಒಂದೇ ಗೋಳು. ಹಗಲೆಲ್ಲ ಬಳ್ಳಾರಿ ಜಾಲಿ ಪೊದೆಯಲ್ಲಿ ಮಲಗುವ ಹಂದಿ ಹಿಂಡು ರಾತ್ರಿ ಹೊಲಕ್ಕೆ ನುಗ್ಗಿ ಉತ್ತಿಟ್ಟು ಹೋಗುತ್ತದೆ. ರೈತರು ತಗಡು ಬಡಿಯುತ್ತಾರೆ, ಪಟಾಕಿ ಹಚ್ಚುತ್ತಾರೆ, ಹೊಲದ ಸುತ್ತ ಹಳೇ ಸೀರೆ ಕಟ್ಟುತ್ತಾರೆ. ನಾವು ನಾಲ್ಕು ಮಂದಿ ಎರಡು ಬೈಕಿನಲ್ಲಿ ಹದಿನೈದು ದಿನ ತಿರುಗಿದೆವು. ಹೋದಲ್ಲೆಲ್ಲ ಮಾತು ಹಂದಿಯಿಂದ ಶುರುವಾಗಿ ಬಂದೂಕಿಗೆ ಬಂದು ನಿಲ್ಲುತ್ತಿತ್ತು. "ಲೈಸೆನ್ಸ್ ಹೆಂಗ ತಗಸ್ಬೇಕ್ರಿ?" ಅನ್ನುವುದು ಒಂದು ಪ್ರಶ್ನೆ. "ನಮ್ ಮ್ಯಾಲೆ ಒಂದ್ ಕೇಸ್ ಐತಿ, ಕೊಡ್ತಾರೇನ್ರಿ?" ಅನ್ನುವುದು ಇನ್ನೊಂದು. ಎರಡನೇ ಪ್ರಶ್ನೆ ಕೇಳುವವರು ಧ್ವನಿ ಸಣ್ಣದು ಮಾಡುತ್ತಿದ್ದರು.

ಹಂದಿ ಲೇಖನ ಇನ್ನೊಮ್ಮೆ ಬರೆಯುತ್ತೇವೆ. ಇದು ಆ ಎರಡನೇ ಪ್ರಶ್ನೆಯ ಬಗ್ಗೆ.

ಕುರುಗೋಡು ತಾಲೂಕಿನ ಒಂದು ಊರು. ಊರಿನ ಹೆಸರು, ಮನೆಯವರ ಹೆಸರು ಹಾಕುವುದಿಲ್ಲ ಅಂತ ಮಾತು ಕೊಟ್ಟಿದ್ದೇವೆ. ಮನೆಯ ಹಿರೀಮಗನಿಗೆ ನಲವತ್ತರ ಆಸುಪಾಸು. ಬದುವಿನ ಜಗಳದಲ್ಲಿ ದಾಯಾದಿಯ ಕೈ ಮುರಿದ ಕೇಸಿನಲ್ಲಿ ಸಜೆಯಾಗಿ, ಬಳ್ಳಾರಿ ಜೈಲಿನಲ್ಲಿದ್ದು, 2023ರ ಬೇಸಿಗೆಯಲ್ಲಿ ಹೊರಗೆ ಬಂದವರು. ಈಗ ಕುರಿ, ಹೊಲ, ಮನೆ, ಇಷ್ಟೇ. ಮುಂದಿನ ವರ್ಷ ಅವರ ತಂದೆ ತೀರಿಕೊಂಡರು. ತಂದೆಯ ಹೆಸರಲ್ಲಿ ಬೆಳೆ ರಕ್ಷಣೆಗೆ ಅಂತ ತೆಗೆದ ಲೈಸೆನ್ಸ್ ಇತ್ತು, ಒಂದು ಸಿಂಗಲ್ ಬ್ಯಾರಲ್ ಬಂದೂಕು ಇತ್ತು. ತಿಥಿಯಾಯಿತು, ಪಹಣಿ ಬದಲಾಯಿತು, ರೇಷನ್ ಕಾರ್ಡಿನಿಂದ ಹೆಸರು ತೆಗೆಸಿದ್ದಾಯಿತು. ಬಂದೂಕು ಮಾತ್ರ ಜ್ವಾಳದ ಚೀಲಗಳ ಹಿಂದೆ, ಹಳೇ ಧೋತರದಲ್ಲಿ ಸುತ್ತಿಕೊಂಡು ಹಾಗೇ ನಿಂತಿತ್ತು. ಜೊತೆಗೆ ಒಂದು ತಗಡಿನ ಡಬ್ಬಿಯಲ್ಲಿ ಏಳು ತೋಟಾ.

"ಅಪ್ಪಂದು ರೀ ಅದು. ಲೈಸೆನ್ಸ್ ಬುಕ್ಕೂ ಐತಿ. ನಾನೇನ್ ಅದನ್ನ ಮುಟ್ಟಿಲ್ಲ. ಮನ್ಯಾಗ ಇದ್ರ ಏನಾಕತಿ?" ಅಂತ ಅವರು ಕೇಳಿದರು.

ನಮಗೆ ಆ ಗಳಿಗೆಯಲ್ಲಿ ಉತ್ತರ ಹೇಳಲು ಧೈರ್ಯ ಬರಲಿಲ್ಲ. ವಿಷಯ ಅಷ್ಟು ಸಣ್ಣದಲ್ಲ ಅನ್ನುವುದು ಮಾತ್ರ ಗೊತ್ತಾಯಿತು. ಬಳ್ಳಾರಿಗೆ ಬಂದು, ಕೋರ್ಟಿನ ಹತ್ತಿರ ಕೂರುವ ಹಿರಿಯ ವಕೀಲರೊಬ್ಬರ ಮುಂದೆ ಇಡೀ ಕಥೆ ಇಟ್ಟೆವು. ಅವರು ಚಹಾ ಲೋಟ ಪಕ್ಕಕ್ಕೆ ಸರಿಸಿ ಕೇಳಿದ ಮೊದಲ ಮಾತು: "ಅವನು ಹೊರಗೆ ಬಂದು ಐದು ವರ್ಷ ಆಗೈತೇನು?"

ಆ ಐದು ವರ್ಷದ ಲೆಕ್ಕ ಎಲ್ಲಿಂದ ಬಂತು ಅಂದರೆ, ನಮ್ಮ ದೇಶದ ಆಯುಧ ಕಾಯ್ದೆಯಿಂದ. 1959ರಲ್ಲಿ ಆದ ಕಾಯ್ದೆ ಅದು, 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ 3ನೇ ಕಲಮು ಲೈಸೆನ್ಸ್ ಇಲ್ಲದೆ ಬಂದೂಕು, ತೋಟಾ ಇಟ್ಟುಕೊಳ್ಳಬಾರದು ಅನ್ನುತ್ತದೆ. ಇದು ಎಲ್ಲರಿಗೂ ಗೊತ್ತು. ಊರುಗಳಲ್ಲಿ ಹೆಚ್ಚು ಗೊತ್ತಿಲ್ಲದ್ದು 9ನೇ ಕಲಮು. ಕೆಲವರು ಬಂದೂಕು ಇಟ್ಟುಕೊಳ್ಳಲೇಬಾರದು ಅಂತ ಅದು ಪಟ್ಟಿ ಮಾಡುತ್ತದೆ. 21 ವರ್ಷ ತುಂಬದವರು ಒಂದು. ಹಿಂಸೆಯ ಅಪರಾಧದಲ್ಲೋ ನೈತಿಕ ಅಧಃಪತನ ಅಂತ ಕಾನೂನು ಕರೆಯುವ ಅಪರಾಧದಲ್ಲೋ ಸಜೆಯಾದವರು ಇನ್ನೊಂದು. ಎಷ್ಟು ದಿನದ ಸಜೆ ಅನ್ನುವುದು ಮುಖ್ಯವಲ್ಲ, ಒಂದು ತಿಂಗಳಾದರೂ ಸಜೆಯೇ. ಸಜೆ ಮುಗಿದ ದಿನದಿಂದ ಐದು ವರ್ಷ ಅವರು ಬಂದೂಕು ಹೊಂದುವಂತಿಲ್ಲ. ನಮ್ಮ ಕುರುಗೋಡಿನ ಅಣ್ಣನ ಲೆಕ್ಕದಲ್ಲಿ ಅದು 2028ರ ಬೇಸಿಗೆ.

ಮೂರನೆಯವರು ಅಂತ ಒಂದು ಗುಂಪಿದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಇದು ಜೈಲಿನ ಬಾಗಿಲು ನೋಡದವರಿಗೂ ತಗಲುತ್ತದೆ. "ಅವನ ಮ್ಯಾಲೆ 107 ಹಾಕ್ಯಾರ" ಅನ್ನುವ ಮಾತು ಹಬ್ಬ, ಜಾತ್ರೆ, ಎಲೆಕ್ಷನ್ ಹತ್ತಿರ ಬಂದಾಗ ನಮ್ಮ ಕಡೆ ಯಾವ ಕಟ್ಟೆಯಲ್ಲಾದರೂ ಕೇಳುತ್ತದೆ. ಶಾಂತಿ ಕದಡುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಳ್ಳುವ ಕ್ರಮ ಅದು. 2024ರ ಜುಲೈ 1ರಿಂದ ಹೊಸ ಕಾನೂನು ಬಂದು 107 ಇದ್ದದ್ದು 126 ಆಗಿದೆ, 110 ಇದ್ದದ್ದು 129 ಆಗಿದೆ, ಬಾಯಲ್ಲಿ ಮಾತ್ರ ಹಳೇ ನಂಬರೇ ಉಳಿದಿದೆ. ಹಾಗೆ ಮುಚ್ಚಳಿಕೆ ಬರೆದುಕೊಡಿ ಅಂತ ಆದೇಶವಾದರೆ, ಆ ಮುಚ್ಚಳಿಕೆ ಅವಧಿ ಮುಗಿಯುವವರೆಗೆ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಲೈಸೆನ್ಸ್ ಇದ್ದರೂ ಸಹ. ಬರೀ ನೋಟಿಸು ಬಂದರೆ ಈ ಅಡ್ಡಿ ಇಲ್ಲ, ಆದೇಶ ಆಗಿರಬೇಕು. ಸಿರುಗುಪ್ಪದ ಹತ್ತಿರ ಒಬ್ಬ ಗೌಡರ ಮನೆಯಲ್ಲಿ ಇದನ್ನು ಹೇಳಿದಾಗ ಅವರು ಎದ್ದು ಒಳಗೆ ಹೋಗಿ ಹಳೇ ಕಾಗದದ ಕಟ್ಟು ತಂದು, ಕನ್ನಡಕ ಹಾಕಿಕೊಂಡು ತಾರೀಕು ಹುಡುಕಲು ಕುಳಿತರು. ಪುಣ್ಯಕ್ಕೆ ಅವರ ಮುಚ್ಚಳಿಕೆಯ ಅವಧಿ ಯಾವಾಗಲೋ ಮುಗಿದಿತ್ತು.

ಶಿಕ್ಷೆ ಎಷ್ಟು? 2019ರ ಡಿಸೆಂಬರ್‌ನಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿಯಾಯಿತು. ಅದಕ್ಕೆ ಮೊದಲು ಲೈಸೆನ್ಸ್ ಇಲ್ಲದ ಬಂದೂಕಿಗೆ ಕನಿಷ್ಠ 1 ವರ್ಷ, ಹೆಚ್ಚೆಂದರೆ 3 ವರ್ಷ ಇತ್ತು. ಈಗ ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ, ಮೇಲೆ ದಂಡ. 25ನೇ ಕಲಮಿನ (1ಬಿ) ಅಂತ ಎಫ್‌ಐಆರ್‌ನಲ್ಲಿ ಬರೆದಿರುತ್ತಾರಲ್ಲ, ಅದೇ. ಸಜೆಯಾಗಿ ಐದು ವರ್ಷ ತುಂಬದವರು, ಮುಚ್ಚಳಿಕೆ ಕೊಟ್ಟವರು ಬಂದೂಕು ಇಟ್ಟುಕೊಂಡರೂ ಇದೇ (1ಬಿ) ಹಿಡಿಯುತ್ತದೆ. ಎರಡು ವರ್ಷಕ್ಕಿಂತ ಕಡಿಮೆ ಕೊಡಬೇಕಾದರೆ ನ್ಯಾಯಾಧೀಶರು ವಿಶೇಷ ಕಾರಣ ಬರೆದೇ ಕೊಡಬೇಕು. ಸೇನೆ, ಪೊಲೀಸರು ಹಿಡಿಯುವ ಆಟೊಮ್ಯಾಟಿಕ್ ನಮೂನೆಯ ನಿಷೇಧಿತ ಆಯುಧವಾದರೆ 7ರಿಂದ 14 ವರ್ಷ. ಕಳ್ಳತನದಲ್ಲಿ ಬಂದೂಕು ಮಾಡುವುದು, ಮಾರುವುದು 7 ವರ್ಷದಿಂದ ಜೀವಾವಧಿಯವರೆಗೆ. ಮದುವೆ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ ಬೇರೆಯವರ ಜೀವಕ್ಕೆ ಅಪಾಯವಾಗುವ ಹಾಗೆ ಖುಷಿಗೆ ಗುಂಡು ಹಾರಿಸಿದರೆ, ಲೈಸೆನ್ಸ್ ಇದ್ದರೂ, 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದೂ 2019ರಲ್ಲೇ ಸೇರಿದ್ದು.

ದೊಡ್ಡವರಿಗೆ ಒಂದು ಕಾನೂನು, ಬಡವರಿಗೆ ಒಂದು ಕಾನೂನು ಅಂತ ಹೋದಲ್ಲೆಲ್ಲ ಮಾತು ಬಂತು. ಪೂರ್ತಿ ಸುಳ್ಳು ಅಂತ ನಾವೂ ಹೇಳುವುದಿಲ್ಲ. ಆದರೆ ಸಂಜಯ್ ದತ್ ಹೆಸರು ನೆನಪಿರಲಿ. 1993ರ ಮುಂಬೈ ಸ್ಫೋಟದ ತನಿಖೆಯಲ್ಲಿ ಎಕೆ-56 ಇಟ್ಟುಕೊಂಡಿದ್ದ ಆರೋಪ. ಭಯೋತ್ಪಾದನೆ ಕಾಯ್ದೆಯ ಆರೋಪ ಬಿದ್ದುಹೋಯಿತು, ಆಯುಧ ಕಾಯ್ದೆಯದ್ದು ನಿಂತಿತು. 2007ರಲ್ಲಿ 6 ವರ್ಷ ಸಜೆ, 2013ರಲ್ಲಿ ಸುಪ್ರೀಂ ಕೋರ್ಟು ಅದನ್ನು 5 ವರ್ಷಕ್ಕೆ ಇಳಿಸಿತು. ಯರವಾಡ ಜೈಲಿನಿಂದ ಹೊರಬಂದದ್ದು 2016ರ ಫೆಬ್ರುವರಿಯಲ್ಲಿ.

ಇದೇ ಕೇಸು ಇನ್ನೊಂದು ವಿಷಯಕ್ಕೆ ವಕೀಲರ ಬಾಯಲ್ಲಿ ಬರುತ್ತದೆ. 1994ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಆಯುಧ ಇಟ್ಟುಕೊಂಡಿದ್ದಾನೆ ಅನ್ನಬೇಕಾದರೆ ಅದು ತನ್ನ ಹತ್ತಿರ ಇದೆ ಅನ್ನುವ ಅರಿವು ಅವನಿಗೆ ಇರಬೇಕು ಅಂತ ಹೇಳಿತು. ನಿಮ್ಮ ಆಟೊದಲ್ಲಿ ಯಾರೋ ಚೀಲ ಬಿಟ್ಟು ಹೋದರು, ಅದರೊಳಗೆ ನಾಡಪಿಸ್ತೂಲು ಇತ್ತು ಅಂದರೆ ನೀವು ಅಪರಾಧಿ ಅಲ್ಲ. ಹಾಗೆಯೇ, ಬಂದೂಕು ಕೈಯಲ್ಲೇ ಇರಬೇಕು ಅಂತಲೂ ಇಲ್ಲ. ನಿಮ್ಮ ಹಿಡಿತದಲ್ಲಿ, ನಿಮಗೆ ಗೊತ್ತಿದ್ದು, ಬೇರೆ ಕಡೆ ಇಟ್ಟಿದ್ದರೂ ನಿಮ್ಮದೇ. 1972ರಲ್ಲೇ ಗುಣವಂತಲಾಲ್ ಅನ್ನುವ ಕೇಸಿನಲ್ಲಿ ಹಾಗಂತ ತೀರ್ಪಾಗಿದೆ. "ನಾನು ಮುಟ್ಟೇ ಇಲ್ಲ" ಅನ್ನುವ ಕುರುಗೋಡಿನ ಅಣ್ಣನ ಮಾತು ಇಲ್ಲಿಗೆ ನಿಲ್ಲುವುದಿಲ್ಲ. ಚೀಲದ ಹಿಂದೆ ಏನಿದೆ ಅಂತ ಅವರಿಗೆ ಗೊತ್ತು. ನಮಗೂ ತೋರಿಸಿದ್ದಾರೆ.

ಬಳ್ಳಾರಿಯವರಿಗೆ ಈ ವಿಷಯ ಪೇಪರಿನ ಸುದ್ದಿ ಮಾತ್ರ ಅಲ್ಲ. 2026ರ ಜನವರಿ 1ರಂದು, ವಾಲ್ಮೀಕಿ ಪ್ರತಿಮೆ ಅನಾವರಣದ ಬ್ಯಾನರ್ ಕಟ್ಟುವ ವಿಚಾರಕ್ಕೆ ಶಾಸಕ ಜನಾರ್ದನ ರೆಡ್ಡಿ ಅವರ ಮನೆ ಮುಂದೆ ಎರಡು ಪಕ್ಷದವರ ನಡುವೆ ಗಲಾಟೆಯಾಗಿ, ಗುಂಡು ತಗುಲಿ ಕಾಂಗ್ರೆಸ್ಸಿನ ಕಾರ್ಯಕರ್ತನೊಬ್ಬ ಜೀವ ಕಳೆದುಕೊಂಡ. ಯಾರ ತಪ್ಪು ಎಂಬುದನ್ನು ಕೋರ್ಟು ಹೇಳಲಿ, ನಾವು ಹೇಳುವುದಿಲ್ಲ. ನಮ್ಮ ತಲೆಯಲ್ಲಿ ಉಳಿದದ್ದು ಬೇರೆ. ಹಂದಿ ಕಾಯಲು ಒಂದು ಹಳೇ ಬಂದೂಕಿನ ಲೈಸೆನ್ಸ್ ರಿನ್ಯೂವಲ್‌ಗೆ ರೈತ ವರ್ಷಗಟ್ಟಲೆ ಅಲೆಯುವ ಜಿಲ್ಲೆಯಲ್ಲಿ, ಒಂದು ಬ್ಯಾನರಿಗೆ ರಸ್ತೆಯಲ್ಲಿ ಗುಂಡು ಹಾರುತ್ತದೆ.

ನಟ ದರ್ಶನ್ ಅವರನ್ನು 2024ರ ಆಗಸ್ಟ್ 29ರಂದು ಪರಪ್ಪನ ಅಗ್ರಹಾರದಿಂದ ಬಳ್ಳಾರಿ ಜೈಲಿಗೆ ತಂದಾಗ ಇಡೀ ಊರು ಅತ್ತಕಡೆ ನೋಡಿತು. ಜಾಮೀನು ಸಿಕ್ಕಿ ಹೊರಗೆ ಬಂದ ಮೇಲೆ, 2025ರ ಜನವರಿಯಲ್ಲಿ ಬೆಂಗಳೂರು ಪೊಲೀಸರು ಅವರ ಬಂದೂಕಿನ ಲೈಸೆನ್ಸನ್ನು ತಾತ್ಕಾಲಿಕವಾಗಿ ಅಮಾನತು ಮಾಡಿದರು. ಆಗ ಕೊಲೆ ಕೇಸಿನ ವಿಚಾರಣೆ ಮುಗಿದಿರಲಿಲ್ಲ, ತೀರ್ಪಿನ ಮಾತು ದೂರ. ಹಾಗಾದರೆ ಸಜೆಯಾಗದೆ ಲೈಸೆನ್ಸ್ ಹೋಗುತ್ತದೆಯೇ? ಹೋಗಬಹುದು. 17ನೇ ಕಲಮಿನಲ್ಲಿ ಲೈಸೆನ್ಸ್ ಕೊಟ್ಟ ಅಧಿಕಾರಿಗೆ, ಸಾರ್ವಜನಿಕ ಶಾಂತಿಗೆ ಅಗತ್ಯ ಅಂತ ಕಂಡರೆ, ಕಾರಣ ಬರೆದು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರವಿದೆ. ಆದರೆ ಕೇಸು ಇದೆ ಅನ್ನುವ ಒಂದೇ ಕಾರಣ ಸಾಲದು ಅಂತ ಅಲಹಾಬಾದ್ ಹೈಕೋರ್ಟು ಹಲವು ಸಲ ಹೇಳಿದೆ. ಆದೇಶ ಸರಿಯಿಲ್ಲ ಅನಿಸಿದರೆ 18ನೇ ಕಲಮಿನ ಕೆಳಗೆ ಅಪೀಲು ಹೋಗಬಹುದು.

ಸಿರುಗುಪ್ಪದಲ್ಲಿ ಒಬ್ಬ ಹುಡುಗ, ಇನ್ನೂ ಮೂವತ್ತು ಆಗಿಲ್ಲ, ನಮ್ಮ ಹತ್ತಿರ ವಾದಕ್ಕೇ ಇಳಿದ. "ಕೇಸ್ ಇದ್ದೋರಿಗೆ ಡಬಲ್ ಶಿಕ್ಷೆ ಅಂತಲ್ಲಣ್ಣ, ಹೌದೇನು?" ಈ ಡಬಲ್ ಮಾತು ಎಲ್ಲ ಕಡೆ ಓಡಾಡುತ್ತಿದೆ. ನಿಜ ಅರ್ಧ ಇದೆ. 31ನೇ ಕಲಮಿನ ಪ್ರಕಾರ ಆಯುಧ ಕಾಯ್ದೆಯಲ್ಲೇ ಒಮ್ಮೆ ಶಿಕ್ಷೆಯಾದವನಿಗೆ ಮತ್ತೆ ಆಯುಧ ಕಾಯ್ದೆಯಲ್ಲೇ ಶಿಕ್ಷೆಯಾದರೆ, ಎರಡನೇ ಅಪರಾಧಕ್ಕೆ ಎಷ್ಟಿದೆಯೋ ಅದರ ಎರಡು ಪಟ್ಟು. ಹೊಡೆದಾಟದಲ್ಲಿ ಸಜೆಯಾದವನು ಬಂದೂಕಿನ ಕೇಸಿನಲ್ಲಿ ಸಿಕ್ಕರೆ ಈ ಡಬಲ್ ಲೆಕ್ಕ ಬರುವುದಿಲ್ಲ. ಹಾಗಂತ ಹಳೇ ಸಜೆ ಲೆಕ್ಕಕ್ಕೇ ಇಲ್ಲ ಅಂತಲ್ಲ. ಎರಡರಿಂದ ಐದರ ನಡುವೆ ಎಷ್ಟು ಕೊಡಬೇಕು ಅಂತ ತೂಗುವಾಗ ನ್ಯಾಯಾಧೀಶರ ಮುಂದೆ ಅದು ಇದ್ದೇ ಇರುತ್ತದೆ.

ಹಳೇ ಸಜೆ ನಿಜವಾಗಿ ಕಡಿಯುವುದು ತೀರ್ಪಿಗಿಂತ ಮೊದಲೇ. ಇದನ್ನು ವಕೀಲರು ಒಂದು ಸಿಗರೇಟ್ ಪ್ಯಾಕಿನ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಲ್ಲಿ ವಿಚಾರಣಾಧೀನ ಕೈದಿಗೆ ಒಂದು ಅನುಕೂಲವಿದೆ. ಅಪರಾಧಕ್ಕೆ ಇರುವ ಹೆಚ್ಚಿನ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣೆ ಮುಗಿಯದೇ ಒಳಗಿದ್ದರೆ ಕೋರ್ಟು ಅವನನ್ನು ಜಾಮೀನಿನ ಮೇಲೆ ಬಿಡಬೇಕು. ಹಿಂದೆ ಯಾವತ್ತೂ ಶಿಕ್ಷೆಯಾಗದವನಾದರೆ ಮೂರನೇ ಒಂದು ಭಾಗ ಸಾಕು. ಐದು ವರ್ಷ ಅಂದರೆ 60 ತಿಂಗಳು. ಮೊದಲ ಸಲದವನಿಗೆ 20 ತಿಂಗಳು. ಹಿಂದೆ ಸಜೆಯಾದವನಿಗೆ 30 ತಿಂಗಳು. ಒಂದಕ್ಕಿಂತ ಹೆಚ್ಚು ಕೇಸು ನಡೆಯುತ್ತಿದ್ದರೆ ಈ ಅನುಕೂಲವೇ ಇಲ್ಲ. ಅದಕ್ಕೂ ಮೊದಲು ಮಾಮೂಲಿ ಜಾಮೀನು ಸಿಗಬಹುದು, ಸಿಗುತ್ತದೆ ಕೂಡ. ಆದರೆ ಲೈಸೆನ್ಸ್ ಇಲ್ಲದ ಬಂದೂಕಿನ ಕೇಸು ಠಾಣೆಯಲ್ಲೇ ಬಿಟ್ಟು ಕಳಿಸುವ ನಮೂನೆಯದಲ್ಲ, ಜಾಮೀನು ಕೋರ್ಟಿನಲ್ಲೇ ಕೇಳಬೇಕು. ಅಲ್ಲಿ ಸರ್ಕಾರಿ ವಕೀಲರು ಎತ್ತುವ ಮೊದಲ ಮಾತೇ "ಇವನಿಗೆ ಹಿಂದೆ ಶಿಕ್ಷೆಯಾಗಿದೆ" ಎಂಬುದು. 2022ರ ಸರ್ಕಾರಿ ಅಂಕಿ ಪ್ರಕಾರ ದೇಶದ ಜೈಲುಗಳಲ್ಲಿ ಇರುವವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ತೀರ್ಪು ಬರದೆ ಕೂತವರು. ನಮ್ಮ ಅಣ್ಣ ಅಲ್ಲಿ ಒಮ್ಮೆ ಇದ್ದು ಬಂದವರು. ತಮ್ಮ ಪಕ್ಕದಲ್ಲಿ ಮಲಗುತ್ತಿದ್ದವನ ಕೇಸಿಗೆ ಎಷ್ಟು ವಾಯಿದೆ ಬಿದ್ದವು ಅಂತ ಬೆರಳು ಎಣಿಸಿ ಹೇಳಿದರು.

ಬೇರೆ ದೇಶದಲ್ಲಿ ಹೇಗಿದೆ ಅಂತ ಕೇಳಿದವರಿಗೆ: ಅಮೆರಿಕದಲ್ಲಿ ಬಂದೂಕು ಮೂಲಭೂತ ಹಕ್ಕು, ನಮ್ಮಲ್ಲಿ ಅಲ್ಲ. ಇದನ್ನು 2023ರ ಫೆಬ್ರುವರಿಯಲ್ಲಿ, ಲೈಸೆನ್ಸ್ ಇಲ್ಲದ ಬಂದೂಕುಗಳ ಹಾವಳಿ ಬಗ್ಗೆ ಉತ್ತರ ಪ್ರದೇಶ ಸರ್ಕಾರದಿಂದ ಉತ್ತರ ಕೇಳುವಾಗ, ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠವೇ ಹೇಳಿದೆ. ವಿಚಿತ್ರ ಅಂದರೆ, ಅಂಗಡಿಯಲ್ಲಿ ಬಂದೂಕು ಸಿಗುವ ಅದೇ ಅಮೆರಿಕದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಕೊಡಬಹುದಾದ ಅಪರಾಧದಲ್ಲಿ ಒಮ್ಮೆ ದೋಷಿಯಾದವನು, ಆ ಹಕ್ಕು ವಾಪಸು ಸಿಗದ ಹೊರತು, ಜೀವಮಾನವಿಡೀ ಬಂದೂಕು ಮುಟ್ಟುವಂತಿಲ್ಲ. ಮುಟ್ಟಿದರೆ 2022ರಿಂದ 15 ವರ್ಷದವರೆಗೆ ಜೈಲು. ಹಿಂಸೆಯ ಅಥವಾ ಮಾದಕ ವಸ್ತುವಿನ ದೊಡ್ಡ ಅಪರಾಧದಲ್ಲಿ ಮೂರು ಸಲ ಶಿಕ್ಷೆಯಾದವನಿಗೆ ಕನಿಷ್ಠವೇ 15 ವರ್ಷ. ನಮ್ಮ ಕಾನೂನು ಐದು ವರ್ಷದ ಗೆರೆ ಹಾಕಿ ಆಮೇಲೆ ಬಾಗಿಲು ತೆರೆದಿದೆ. ನಮಗೆ ಅದೇ ಮೇಲು ಅನಿಸುತ್ತದೆ. ಬಾಗಿಲು ತೆರೆದಿದೆ ಅಂದ ಮಾತ್ರಕ್ಕೆ ಒಳಗೆ ಬಿಡುತ್ತಾರೆ ಅಂತಲ್ಲ, ಅದು ಬೇರೆ ಮಾತು. ಐದು ವರ್ಷವಾದ ಮೇಲೂ ಪೊಲೀಸ್ ವರದಿಯಲ್ಲಿ ಹಳೇ ಕೇಸು ಬರೆದಿರುತ್ತದೆ, ಲೈಸೆನ್ಸ್ ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ.

ನಮ್ಮ ರಾಜ್ಯದೊಳಗೇ ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, 2029ರವರೆಗೆ. 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಇದನ್ನು ಕೇಳಿದ ಕುರುಗೋಡಿನ ಒಬ್ಬ ತಾತ, "ಅವ್ರಿಗೆ ಕೊಟ್ಟಾರ, ಹಲಗಲಿ ಬ್ಯಾಡ್ರಿಗೆ ಗಲ್ಲು ಕೊಟ್ರು" ಅಂದುಬಿಟ್ಟರು. ಹತ್ತನೇ ತರಗತಿ ಪುಸ್ತಕದಲ್ಲಿ ಹಲಗಲಿ ಬೇಡರ ಲಾವಣಿ ಓದಿದ ನಮಗೆ ಅದು ಥಟ್ಟನೆ ಹೊಳೆದಿರಲಿಲ್ಲ. 1857ರಲ್ಲಿ ಇಂಗ್ಲಿಷರು ಆಯುಧ ಒಪ್ಪಿಸಿರಿ ಅಂದಾಗ ಮುಧೋಳದ ಹತ್ತಿರದ ಹಲಗಲಿ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಸಿಕ್ಕವರಿಗೆ ಗಲ್ಲಾಯಿತು. 1878ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲದಲ್ಲಿ ಆಯುಧ ಕಾಯ್ದೆ ಬಂದು ಇಡೀ ದೇಶಕ್ಕೆ ಲೈಸೆನ್ಸ್ ಕಟ್ಟಿತು. ಬೇಟೆಯಲ್ಲಿ ಬದುಕಿದವರ ಮನೆಯ ಆಯುಧವನ್ನು ಅಪರಾಧ ಮಾಡಿದ ಆ ಇತಿಹಾಸದ ನೆನಪು ನಮ್ಮ ಕಡೆ ಪೂರ್ತಿ ಸತ್ತಿಲ್ಲ. ಸ್ಟೇಷನ್‌ಗೆ ಬಂದೂಕು ಒಪ್ಪಿಸು ಅಂದರೆ ಕಾಲು ಹಿಂದೆ ಸರಿಯುವುದಕ್ಕೆ ಅದೂ ಒಂದು ಕಾರಣ ಇರಬಹುದು.

ಮೊಬೈಲು ನೋಡುವ ಹುಡುಗರಿಗೆ ಒಂದು ಮಾತು ನಡುವೆ ಸೇರಿಸುತ್ತೇವೆ. ಕುಡುಗೋಲು, ಕೊಡಲಿ, ಬಡಿಗೆ ಬೇಸಾಯಕ್ಕೆ, ಮನೆಗೆ ಮಾಡಿದ್ದಾದರೆ ಅದು ಈ ಕಾಯ್ದೆಯ ಆಯುಧ ಅಲ್ಲ. ಆದರೆ ತಲವಾರು ಹಿಡಿದು ಬರ್ತ್‌ಡೇ ಕೇಕು ಕತ್ತರಿಸುವ ರೀಲ್ಸ್ ಹಾಕಿ ಸ್ಟೇಷನ್ ಹತ್ತಿದ ಹುಡುಗರು ರಾಜ್ಯದ ತುಂಬ ಇದ್ದಾರೆ. ಲೈಕು ಮಾರನೇ ದಿನಕ್ಕೆ ಮರೆತುಹೋಗುತ್ತದೆ, ಎಫ್‌ಐಆರ್ ನಂಬರು ಪಾಸ್‌ಪೋರ್ಟು, ಪೊಲೀಸ್ ನೌಕರಿ ಎಲ್ಲದರ ಹಿಂದೆ ಬರುತ್ತದೆ.

ಮತ್ತೆ ಜ್ವಾಳದ ಚೀಲದ ಹಿಂದಿನ ಬಂದೂಕಿಗೆ ಬರೋಣ.

ವಕೀಲರು ಹೇಳಿದ್ದು 21ನೇ ಕಲಮು. ಲೈಸೆನ್ಸ್ ಅವಧಿ ಮುಗಿದು, ರದ್ದಾಗಿ, ಅಥವಾ ಬೇರೆ ಯಾವ ಕಾರಣಕ್ಕೋ ಬಂದೂಕು ಇಟ್ಟುಕೊಳ್ಳುವುದು ಕಾನೂನುಬದ್ಧ ಅಲ್ಲ ಅಂತಾದ ಕೂಡಲೇ, ತಡಮಾಡದೆ, ಹತ್ತಿರದ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕು. ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯ ಹತ್ತಿರವೂ ಇಡಬಹುದು. ಠೇವಣಿ ಅಂದರೆ ಕಳೆದುಕೊಂಡಂತೆ ಅಲ್ಲ. ಗೊತ್ತುಪಡಿಸಿದ ಅವಧಿಯೊಳಗೆ ವಾರಸುದಾರರು ಲೈಸೆನ್ಸ್ ಪಡೆದು ವಾಪಸು ತೆಗೆದುಕೊಳ್ಳಬಹುದು, ಇಲ್ಲವೇ ಲೈಸೆನ್ಸ್ ಇದ್ದವರಿಗೆ ಮಾರಬಹುದು. ಸುಮ್ಮನೆ ಬಿಟ್ಟರೆ ಸರ್ಕಾರಕ್ಕೆ ಸೇರುತ್ತದೆ. 2016ರ ಆಯುಧ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡಲು ಪ್ರತ್ಯೇಕ ದಾರಿಯಿದೆ. ನಮ್ಮ ಜಿಲ್ಲೆಯಲ್ಲಿ ಅರ್ಜಿ ಹೋಗುವುದು ಡಿಸಿ ಕಚೇರಿಗೆ, ಜಿಲ್ಲಾ ದಂಡಾಧಿಕಾರಿ ಅಂತ ಅವರೇ ಅದರ ಅಧಿಕಾರಿ.

ಇದನ್ನೆಲ್ಲ ಹೇಳಲು ನಾವು ಮತ್ತೆ ಕುರುಗೋಡಿಗೆ ಹೋದೆವು. ಅಣ್ಣ ಕೇಳಿಸಿಕೊಂಡು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ನಾನು ಆ ಬಂದೂಕು ಹಿಡ್ಕಂಡು ಸ್ಟೇಷನ್ ಮೆಟ್ಲು ಹತ್ತಿದ್ರೆ, ಇಳಿಯಾಕ ಬಿಡ್ತಾರೇನ್ರಿ?"

ಈ ಭಯ ಹುರುಳಿಲ್ಲದ್ದು ಅಂತ ಹೇಳಲು ನಮಗೆ ಬಾಯಿ ಬರಲಿಲ್ಲ. ತಂದೆ ತೀರಿ ವರ್ಷ ದಾಟಿದೆ. "ತಡಮಾಡದೆ" ಅನ್ನುವ ಮಾತಿಗೆ ಪೊಲೀಸರು ಏನು ಅರ್ಥ ಹಚ್ಚುತ್ತಾರೋ. ಕೇಸು ಹಾಕಿದರೂ 3ನೇ ಕಲಮಿನ ಅಪರಾಧವನ್ನು ಕೋರ್ಟಿನಲ್ಲಿ ನಡೆಸಲು ಜಿಲ್ಲಾ ದಂಡಾಧಿಕಾರಿಯ ಮಂಜೂರಾತಿ ಬೇಕು, 39ನೇ ಕಲಮು. ಅದು ಒಂದು ಜರಡಿ. ಆದರೆ ಆ ಜರಡಿಗೆ ಬರುವಷ್ಟರಲ್ಲಿ ಮನುಷ್ಯ ಎಷ್ಟು ದಿನ ಒಳಗಿರುತ್ತಾನೆ ಅನ್ನುವುದೇ ಅವರ ಪ್ರಶ್ನೆ.

ಅಷ್ಟರಲ್ಲಿ ಒಲೆ ಮುಂದೆ ಕೂತಿದ್ದ ಅವರ ತಾಯಿ ಅಂದರು: "ಯವ್ವಾ, ಲೈಸೆನ್ಸ್ ನನ್ ಗಂಡಂದು. ನಾನೇ ಕೊಟ್ಟು ಬಂದ್ರ ಆಗಾಂಗಿಲ್ಲೇನು?" ನಮ್ಮ ಗುಂಪಿನ ಹುಡುಗಿಯ ಮುಖ ನೋಡಿ ಕೇಳಿದ ಮಾತು ಅದು. ಹದಿನೈದು ದಿನದಲ್ಲಿ ನಾವು ಕೇಳಿದ ಅತಿ ಬುದ್ಧಿವಂತಿಕೆಯ ಕಾನೂನು ಸಲಹೆ ಅದೇ. ಅವರೂ ವಾರಸುದಾರರೇ, ಅವರ ಮೇಲೆ ಯಾವ ಕೇಸೂ ಇಲ್ಲ. ವಕೀಲರಿಗೆ ಫೋನು ಹಚ್ಚಿದೆವು. "ಅಮ್ಮನೇ ಹೋಗಲಿ. ಆದರೆ ಬಂದೂಕು ಹೊತ್ತುಕೊಂಡು ಹೋಗೋದು ಬ್ಯಾಡ. ಮೊದಲು ಅರ್ಜಿ ಹೋಗಲಿ, ಇಂಥದ್ದು ಮನೆಯಲ್ಲೈತಿ, ಬಂದು ತಗಂಡು ಹೋಗ್ರಿ ಅಂತ" ಅಂದರು.

ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಸರ್ಕಾರವೇ ಉಚಿತವಾಗಿ ಕೊಡಬೇಕು ಅಂತ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. 15100 ನಂಬರಿಗೆ ಫೋನು ಮಾಡಿದರೂ ದಾರಿ ಹೇಳುತ್ತಾರೆ. ಅಮ್ಮನಿಗೆ ಒಬ್ಬ ಯುವ ವಕೀಲೆ ಸಿಕ್ಕರು. ಅರ್ಜಿಯಲ್ಲಿ ತಂದೆ ತೀರಿದ ತಾರೀಕು, ಮರಣ ಪತ್ರದ ನಂಬರು, ಲೈಸೆನ್ಸ್ ನಂಬರು, ಬಂದೂಕಿನ ಮೇಲೆ ಕೊರೆದ ನಂಬರು, ಏಳು ತೋಟಾ, ಎಲ್ಲ ಬರೆದರು. ಮೂರು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡರು. ಹಿರೀಮಗನ ಸಜೆಯ ವಿಷಯ ಬರೆಯಬೇಕೋ ಬೇಡವೋ ಅಂತ ಸ್ವಲ್ಪ ಜಗ್ಗಾಟವಾಯಿತು. ಕೊನೆಗೆ ವಕೀಲೆ ಒಂದು ಸಾಲು ಬರೆದೇ ಬರೆದರು. ಮುಚ್ಚಿಟ್ಟಂತೆ ಕಾಣಬಾರದು ಅನ್ನುವುದು ಅವರ ಲೆಕ್ಕ.

ಮೊದಲ ದಿನ ಠಾಣೆಯಲ್ಲಿ ಅರ್ಜಿ ತೆಗೆದುಕೊಳ್ಳಲಿಲ್ಲ, ಸಾಹೇಬ್ರಿಲ್ಲ ಅಂತ ಕಳಿಸಿದರು. ಎರಡನೇ ದಿನ ತೆಗೆದುಕೊಂಡರು. ನಾಲ್ಕನೇ ದಿನ ಒಬ್ಬ ಹೆಡ್ ಕಾನ್‌ಸ್ಟೇಬಲ್, ಇಬ್ಬರು ಪಂಚರನ್ನು ಕರೆದುಕೊಂಡು ಮನೆಗೆ ಬಂದು ಧೋತರ ಬಿಚ್ಚಿಸಿ ನೋಡಿದರು. ನಳಿಗೆಗೆ ತುಕ್ಕು ಹಿಡಿದಿತ್ತು. ತೋಟಾ ಎಣಿಸಿದರು, ಏಳೇ ಇದ್ದವು. ಅಮ್ಮ ಹೆಬ್ಬೆಟ್ಟು ಒತ್ತಿದರು. ಅಣ್ಣ ಆ ಹೊತ್ತಿನಲ್ಲಿ ಮನೆಯಲ್ಲಿರಲಿಲ್ಲ, ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋಗಿದ್ದರು. ಹೋಗು ಅಂತ ಯಾರೂ ಹೇಳಿರಲಿಲ್ಲ. ಕೇಸು ಆಗಲಿಲ್ಲ. ಠೇವಣಿಯ ರಸೀದಿ ಸಿಕ್ಕಿತು. ಅದನ್ನು ಪ್ಲಾಸ್ಟಿಕ್ ಹಾಕಿಸಿ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಇರುವ ಟ್ರಂಕಿನಲ್ಲಿ ಇಟ್ಟಿದ್ದಾರೆ.

ಇಷ್ಟು ಸಲೀಸಾಗಿ ಎಲ್ಲರಿಗೂ ಆಗುತ್ತದೆ ಅಂತ ನಾವು ಬರೆಯುವುದಿಲ್ಲ. ಇಲ್ಲಿ ಲೈಸೆನ್ಸ್ ಬುಕ್ಕು ಇತ್ತು, ಬಂದೂಕಿಗೆ ನಂಬರು ಇತ್ತು, ವಕೀಲೆ ಸಿಕ್ಕರು, ಕೇಸಿಲ್ಲದ ಒಬ್ಬ ತಾಯಿ ಇದ್ದರು. ಲೈಸೆನ್ಸೇ ಇಲ್ಲದ ನಾಡಬಂದೂಕು ಅಟ್ಟದ ಮೇಲಿದ್ದರೆ ದಾರಿ ಇದಲ್ಲ. ಅಂಥವರು ಠಾಣೆಗೂ ಮೊದಲು, ನಮಗೆ ಮೆಸೇಜು ಹಾಕುವುದಕ್ಕೂ ಮೊದಲು, ವಕೀಲರ ಹತ್ತಿರ ಹೋಗಬೇಕು.

ಈಗ ಕಿರೀಮಗ, ಇಪ್ಪತ್ತೆಂಟರ ಹುಡುಗ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗಿ ಬರುವವನು, ವಾರಸುದಾರನ ಲೆಕ್ಕದಲ್ಲಿ ಲೈಸೆನ್ಸ್‌ಗೆ ಅರ್ಜಿ ಹಾಕಿದ್ದಾನೆ. ಅವನ ಮೇಲೆ ಕೇಸಿಲ್ಲ. ಆದರೆ ಅದೇ ಮನೆಯಲ್ಲಿ, ಅದೇ ಮಾಳಿಗೆ ಕೆಳಗೆ, 2028ರವರೆಗೆ ಬಂದೂಕು ಮುಟ್ಟಬಾರದ ಅಣ್ಣ ಇದ್ದಾನೆ. ಬಂದೂಕು ಬಂದರೆ ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆ ಬೇಕು, ಕೀಲಿ ತಮ್ಮನ ಹತ್ತಿರವೇ ಇರಬೇಕು. ತಮ್ಮ ಹಗಲೆಲ್ಲ ಬಳ್ಳಾರಿಯಲ್ಲಿ, ಹಂದಿ ಬರುವುದು ರಾತ್ರಿ. ಅಣ್ಣನ ಐದು ವರ್ಷ ಮುಗಿಯುವವರೆಗೆ ಕಾಯುವುದೇ ಒಳ್ಳೆಯದು, ಅಷ್ಟರಲ್ಲಿ ಬಂದೂಕು ಮಾರಿಬಿಡೋಣ ಅಂತ ಅಮ್ಮನ ಅಭಿಪ್ರಾಯ. ಅಪ್ಪನ ನೆನಪಿಗೆ ಅಂತ ಮಕ್ಕಳಿಬ್ಬರೂ ಒಪ್ಪುತ್ತಿಲ್ಲ. ಬಂದೂಕು ಬಂದರೂ ಹಂದಿಗೆ ಗುಂಡು ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು ಅಂತ ನಾವು ಹೇಳಿದಾಗ, ಮೂವರೂ ಒಟ್ಟಿಗೆ ನಕ್ಕರು.

ಹೋದ ವಾರ ಪೊಲೀಸ್ ಪರಿಶೀಲನೆಗೆ ಒಬ್ಬ ಕಾನ್‌ಸ್ಟೇಬಲ್ ಮನೆಗೆ ಬಂದಿದ್ದರಂತೆ. "ಮನ್ಯಾಗ ಯಾರ ಮ್ಯಾಲಾದ್ರೂ ಕೇಸ್ ಐತೇನಮ್ಮ?" ಅಂತ ಕೇಳಿದರಂತೆ. ಅಮ್ಮ ಇದ್ದದ್ದು ಇದ್ದ ಹಾಗೆ ಹೇಳಿ, ಟ್ರಂಕಿನಿಂದ ಬಿಡುಗಡೆ ಪತ್ರವನ್ನೂ ಠೇವಣಿ ರಸೀದಿಯನ್ನೂ ತೆಗೆದು ಮುಂದಿಟ್ಟಿದ್ದಾರೆ. ಅವರು ಎರಡನ್ನೂ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹೋಗಿದ್ದಾರೆ. ಫೈಲು ಈಗ ಬಳ್ಳಾರಿಯಲ್ಲಿದೆ. ಹೊಲದಲ್ಲಿ ಮೆಕ್ಕೆಜೋಳ ತೆನೆ ಕಟ್ಟಿದೆ. ಅಣ್ಣ ರಾತ್ರಿ ಅಟ್ಟಣಿಗೆ ಮೇಲೆ ಮಲಗಿ ತಗಡು ಬಡಿಯುತ್ತಿದ್ದಾರೆ.